ಎತ್ತು

ಹದಿನೇಳು ತಾಸು ಓಡಿದ ಗಾಡಿ.
ಮೂತಿಗೆ ಕಟ್ಟಿದ ಚೆಂಡುಹೂವಿನ ಮಾಲಿ ಇನ್ನೂ ಪೂರಾ ಒಣಗಿಲ್ಲ.
ದ್ರಾಕ್ಷಿ ಸಾಲಿನಾಗ ನುಸುಳುವಂಥ ಸಣ್ಣ ಟ್ರ್ಯಾಕ್ಟರು,
ಮುಂದ ಎರಡು ತೋಳು, ತೋಳಿನ ತುದಿಗೆ ಬಕೆಟ್ಟು.
ತಿಪ್ಪಿಗೆ ಬಾಯಿ ಹಾಕಿತು, ಗೊಬ್ಬರ ತುಂಬಿಕೊಂಡಿತು.
ಎತ್ತು, ಅಂತ ಲಿವರ್ ಎಳದೆ.

ಮೊಣಕಾಲ ಮಟ ಬಂತು.
ನಡಗಿತು.
ಬಾನೆಟ್ಟಿನೊಳಗ ಯಾವುದೋ ಒಂದು
ಬಾಗಲ ಸಂದಿನಾಗ ಬಾಲ ಸಿಕ್ಕ ನಾಯಿಯಂಗ ಕುಂಯ್‌ಗುಟ್ಟಿತು.

ಬದುವಿನ ಮ್ಯಾಲ ಸಾತಲಿಂಗ ಮಾವ
ಜೋಡಿ ಹಗ್ಗ ಹಿಡದು ನಿಂತಾಂವ:
"ಎತ್ತು ಮಾರಿ ಇದನ್ನ ತಂದ್ರಿ.
ಈಗ ಎತ್ತು, ಎತ್ತು ಅಂದ್ರ
ಎಲ್ಲಿಂದ ಬರಬೇಕವ್ವ ಎತ್ತು?"
ಅವನ ಎತ್ತುಗಳೂ ನಕ್ಕಂಗ ಕಂಡವು.
ಬರೀ ಮೆಲುಕು ಹಾಕತಿದ್ವು.

ಸಾಂಗ್ಲಿಗೆ ಫೋನ್ ಹಚ್ಚಿದೆ.
ಸಂಖದ ಕನ್ನಡದಾಗ ಬೈಬೇಕಂತ ಇದ್ದೆ,
ಬಾಯಿಗೆ ಬಂದದ್ದು ಸಾಲಿ ಮರಾಠಿ, ಕೈಕಟ್ಟಿ ನಿಂತ ಮರಾಠಿ.
"ಹೋಈಲ ತಾಈ, ನವೀನ್ ಆಹೆ ನಾ."
ಆಗತದ ಅಕ್ಕಾ, ಹೊಸದಲ್ಲಾ, ಹೊಂದಿಕೋತದ.
ನಾನು ಈ ಮನಿಗೆ ಬಂದಾಗಲೂ ಹಿಂಗ ಅಂದಿದ್ರು.
ಹನ್ನೊಂದು ವರ್ಷ ಆತು.

ನೆಗೆಣ್ಣಿ ಮಹಾನಂದಾ ಹೆಚ್ಚು ಮಾತಿನಾಕಿ ಅಲ್ಲ.
ಸಂಜಿಗೆ ಖಾಲಿ ಬಕೆಟ್ಟನ್ನ ಎದಿ ಮಟ ಎತ್ತಿಸಿ,
ಇಂಜಿನ್ ಬಂದ್ ಮಾಡಿಸಿ,
ಎಲಿಚೀಲದಿಂದ ಸುಣ್ಣ ತಗದು
ಕನ್ನಡಿಯಂಥ ರಾಡಿನ ಮ್ಯಾಲ, ಸಿಲಿಂಡರಿನ ತುಟಿಯಿಂದ
ನಾಕು ಬೆರಳು ದೂರ, ಒಂದು ಗೆರಿ ಎಳದಳು.

ರೊಟ್ಟಿ ಬಡದು ಎದ್ದಾಗ ಮೂರೂವರಿ ಬೆರಳು.
ಹುಡುಗರು ಮಲಗಿದಾಗ ಮೂರು.
ಬೇದಾಣಾ ಲೆಕ್ಕದ ವಹಿಯಾಗ, ಬಾಕ್ಸಿನ ಎಣಿಕಿ ಕೆಳಗ
ತಾಸು, ಬೆರಳು; ತಾಸು, ಬೆರಳು.
ಎಷ್ಟು ಸಲ ಎದ್ದಳೋ, ಬ್ಯಾಟರಿ ಬೆಳಕು ಗ್ವಾಡಿ ಮ್ಯಾಲ ಹಾದಾಗೆಲ್ಲ
ನಾ ಮಗ್ಗಲು ಬದಲಿಸಿದೆ.
ಕೋಳಿ ಕೂಗೂದ್ರಾಗ ಗೆರಿ ತುಟಿಯೊಳಗ ಹೋಗಿತ್ತು.

ಉಮದಿಯಿಂದ ದಸ್ತಗೀರ್ ಮುಜಾವರ್ ಬಂದ.
ಪಾನಾ ಮುಟ್ಟಲಿಲ್ಲ. ಮೊದಲ ಕಣ್ಣು ಮುಚ್ಚಿ ಕೇಳಿದ.
"ಗಾಳಿ ಕುಡಿಯಾಕತ್ತದ ಇದು."
ಎಣ್ಣಿ ನೋಡೂ ಕಡ್ಡಿ ಎಳದ: ತುದಿಗೆ ಬರೀ ನೊರಿ,
ಕಡದು ಬಿಟ್ಟ ಮಜ್ಜಿಗಿ.
"ತೋಳು ಕೂಡಿಸಿದಾಗ ನಾಕು ಸಿಲಿಂಡರೂ ತಮ್ಮ ಪಾಲು ಕುಡದಾವ.
ಅವು ಕುಡದದ್ದನ್ನ ಶೋರೂಮಿನವರು ತುಂಬಿಲ್ಲ."
ಪೈಪಿನ ಒಂದು ಕೂಡುಗೀಲು ಅರ್ಧಕ್ಕ ನಿಂತಿತ್ತು,
ಹಿಂದ ಎಳದು ಒತ್ತಿದ. ಟಕ್.

ಆಮ್ಯಾಲ ರಾಡು ನೋಡಿದ.
"ಸುಣ್ಣ ಹಚ್ಚಿದಾರು ಯಾರು? ಸೀಲ್ ಕೊರದು ತಿಂತದ ಇದು!"
"ನಾನು," ಅಂದಳು ಮಹಾನಂದಾ,
ವಹಿ ಮುಂದ ಹಿಡದಳು.
ಅಂವ ಓದಿದ. ತೋಳಿನಿಂದ ರಾಡು ಒರಸಿದ. ಮತ್ತ ಓದಿದ.
"ನಡಗೂದು ಬ್ಯಾರೆ, ಇಳಿಯೂದು ಬ್ಯಾರೆ.
ಎರಡು ರೋಗಕ್ಕ ಒಂದು ಹೆಸರು ಇಡಬ್ಯಾಡ್ರಿ.
ನಡಗೂದು ಇವತ್ತ ನಿಲ್ಲತದ.
ರಾತ್ರಿ ಒಂಚೂರು ಇಳಿಯೂದು ಎಲ್ಲಾ ಗಾಡಿಗೂ ಅದ,
ನಾಕು ಬೆರಳು ಜಾಸ್ತಿ ಆತು. ವಾಲ್ವ್ ಬದಲಿಸಾಕ ಅವರಿಗೆ ಹೇಳ್ರಿ,
ಈ ಹಾಳಿ ಫೋಟೋ ಕಳಸ್ರಿ.
ಅಲ್ಲೀಮಟ ನೆಲಕ್ಕ ಇಳಿಸಿ ಮಲಗ್ರಿ."

ಆರು ಲೀಟರ್ ಎಣ್ಣಿ ಹಿಡೀತು.
ಮ್ಯಾಲ, ಕೆಳಗ, ಮ್ಯಾಲ, ಕೆಳಗ, ಸಾವಕಾಶ;
ಟಾಕಿಯೊಳಗ ಎರಡು ಸಲ ತೇಗಿತು.
ತಿಪ್ಪಿಗೆ ಹಾಕಿದೆ, ತುಂಬಿದೆ, ಲಿವರ್ ಎಳದೆ.

ಎತ್ತಿತು.
ಮಂಟಪದ ತಂತಿ ಮಟ, ಒಂದು ಹನಿ ನಡುಕ ಇಲ್ಲದ.
ಬದುವಿನ ಕಡೆ ನೋಡಿದೆ. ಸಾತಲಿಂಗ ಮಾವ ಇರಲಿಲ್ಲ,
ಎತ್ತಿಗೆ ನೀರು ಕುಡಿಸಾಕ ಹೋಗಿದ್ದ.

ರಾತ್ರಿ ಬಕೆಟ್ಟು ನೆಲದ ಮ್ಯಾಲ ಕುಂತಿತ್ತು.
ಮತ್ತ ಗ್ವಾಡಿ ಮ್ಯಾಲ ಬೆಳಕು.
ಹೊರಗ ಬಂದೆ: ಮಹಾನಂದಾ, ಕೈಯಾಗ ವಹಿ.
"ಇನ್ನೇನು ಇಳಿಯಾಕ ಉಳದದ ಅಂತ ನಿಂತೀಯವ್ವ?"

"ಇಳಿಯೂದು ಅಲ್ಲ," ಅಂದಳು.
"ಏರತದೇನು ಅಂತ ನೋಡಾಕತ್ತೀನಿ."